ರೈಸ್ ಮನೆತನದ ಮದುವೆ ದಾಖಲೆಗಳು ಮತ್ತು ದೊಡ್ಡೇರಿ ಸೀಮೆಯ ವಂಶಾವಳಿಗಳು

ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿ ಹಾಗೂ ಅದರ ಆಸುಪಾಸಿನ ಸಿರಾ, ಕೊರಟಗೆರೆ, ಪಾವಗಡ ಸೀಮೆಗಳ ಪ್ರಾಚೀನ ಮನೆತನಗಳನ್ನು ಕುರಿತು ಅಧ್ಯಯನ ಮಾಡುವವರು ಮೊದಲು ತೆರೆಯಬೇಕಾದ ಗ್ರಂಥ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡನೆಯ ಸಂಪುಟ. ತುಮಕೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದ ಈ ಸಂಪುಟ 1904ರಲ್ಲಿ ಪ್ರಕಟವಾಯಿತು. ಊರ ಮುಂದಣ ವೀರಗಲ್ಲು, ಕೆರೆ ಏರಿಯ ಮೇಲಿನ ದಾನಶಾಸನ, ದೇಗುಲದ ಗೋಡೆಯ ಬರಹ ಇವುಗಳಿಂದ ‘ಇಂಥವನ ಮಗ ಇಂಥವನು’ ಎಂಬ ಸಾವಿರಾರು ಸಂಬಂಧಗಳನ್ನು ಓದುಗರ ಮುಂದಿಟ್ಟವರು ಇದರ ಸಂಪಾದಕರಾದ ಬೆಂಜಮಿನ್ ಲೂಯಿ ರೈಸ್. ಅನ್ಯರ ವಂಶಗಳನ್ನು ಕಲ್ಲಿನಿಂದ ಕಾಗದಕ್ಕೆ ಇಳಿಸಿದ ಈ ವಿದ್ವಾಂಸರ ಸ್ವಂತ ವಂಶವನ್ನು ಅರಸಹೊರಟರೆ ಕಲ್ಲು ನೆರವಿಗೆ ಬಾರದು. ಅಲ್ಲಿ ಆಕರವಾಗುವುದು ಚರ್ಚುಗಳ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ಪುಸ್ತಕಗಳು.

ಇಂಗ್ಲೆಂಡಿನಲ್ಲಿ ಇಂಥ ಪುಸ್ತಕಗಳ ಇತಿಹಾಸ 1538ರಿಂದ ಆರಂಭವಾಗುತ್ತದೆ. ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ಥಾಮಸ್ ಕ್ರಾಮ್‌ವೆಲ್ ಪ್ರತಿಯೊಂದು ಪ್ಯಾರಿಷ್ ಅಂದರೆ ಚರ್ಚು-ಗ್ರಾಮವೂ ತನ್ನಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಆ ವರ್ಷ ಆಜ್ಞೆ ಹೊರಡಿಸಿದನು. 1598ರಿಂದ ಪ್ರತಿವರ್ಷ ಇವುಗಳ ನಕಲನ್ನು ಬಿಷಪ್ಪರ ಕಚೇರಿಗೆ ಕಳುಹಿಸುವ ಕಟ್ಟಳೆಯೂ ಬಂದಿತು. ಮೂಲ ಪುಸ್ತಕ ಗೆದ್ದಲಿಗೋ ಬೆಂಕಿಗೋ ತುತ್ತಾದೆಡೆ ಇಂದು ಸಂಶೋಧಕರ ಕೈಹಿಡಿಯುವುದು ಈ ನಕಲುಗಳೇ. ಆದರೆ ಮೊದಲ ಎರಡು ಶತಮಾನಗಳ ಮದುವೆ ದಾಖಲೆಗಳು ಬಹು ಜಿಪುಣವಾದವು. ವರನ ಹೆಸರು, ವಧುವಿನ ಹೆಸರು, ದಿನ, ಅಷ್ಟಕ್ಕೇ ಮುಗಿಯಿತು. ಒಂದೇ ಪ್ಯಾರಿಷ್‌ನಲ್ಲಿ ಮೂವರು ಜಾನ್‌ಗಳೂ ನಾಲ್ವರು ಮೇರಿಗಳೂ ಇದ್ದಲ್ಲಿ ಯಾರ ಮದುವೆ ಯಾರೊಡನೆ ಎಂಬುದನ್ನು ಹೇಳುವುದು ಸುಲಭವಲ್ಲ. ಲಾರ್ಡ್ ಹಾರ್ಡ್‌ವಿಕ್‌ನ 1753ರ ವಿವಾಹ ಕಾಯಿದೆ ಮರುವರ್ಷ ಜಾರಿಗೆ ಬಂದ ತರುವಾಯ ವಧೂವರರ ಊರು, ಅವರ ಹಾಗೂ ಸಾಕ್ಷಿಗಳ ರುಜು ಸೇರಿಕೊಂಡವು. ಸಾಕ್ಷಿಗಳು ಹಲವು ವೇಳೆ ಬಂಧುಗಳೇ ಆಗಿರುತ್ತಿದ್ದುದರಿಂದ ವಂಶಶೋಧಕರಿಗೆ ಈ ರುಜುಗಳು ವಧೂವರರ ಹೆಸರುಗಳಷ್ಟೇ ಬೆಲೆಯುಳ್ಳವು.

ಇದೇ ಕಾಯಿದೆ ಬೇರೊಂದು ತೊಡಕನ್ನು ತಂದಿತು. ಯೆಹೂದ್ಯರು ಮತ್ತು ಕ್ವೇಕರರನ್ನು ಬಿಟ್ಟು ಉಳಿದವರೆಲ್ಲರೂ ಆಂಗ್ಲಿಕನ್ ಚರ್ಚಿನಲ್ಲಿಯೇ ಮದುವೆಯಾಗಬೇಕಾಯಿತು. ಆ ಚರ್ಚನ್ನು ಒಪ್ಪದ ಸ್ವತಂತ್ರ ಪಂಥಗಳ ಕುಟುಂಬಗಳಲ್ಲಿ ಮಕ್ಕಳ ದೀಕ್ಷಾಸ್ನಾನ ತಮ್ಮ ಪ್ರಾರ್ಥನಾಮಂದಿರದ ಪುಸ್ತಕದಲ್ಲಿ, ತಂದೆತಾಯಿಗಳ ಮದುವೆ ಮಾತ್ರ ಪ್ಯಾರಿಷ್ ಪುಸ್ತಕದಲ್ಲಿ ದಾಖಲಾಗಿ, ಒಂದೇ ಮನೆಯ ಕಥೆ ಎರಡು ಕಡೆ ಹಂಚಿಹೋಯಿತು. ಈ ಪಂಥಗಳ ಪುಸ್ತಕಗಳಲ್ಲಿ ಬಹಳಷ್ಟನ್ನು 1840ರ ಕಾಯಿದೆಯ ಸುಮಾರಿಗೆ ಸರಕಾರ ಒಂದೆಡೆ ತರಿಸಿಕೊಂಡಿತು. ಬಿ. ಎಲ್. ರೈಸ್ ಅವರ ತಂದೆ ಬೆಂಜಮಿನ್ ಹೋಲ್ಟ್ ರೈಸ್ ಸೇವೆ ಸಲ್ಲಿಸಿದ ಲಂಡನ್ ಮಿಷನ್ ಮುಖ್ಯವಾಗಿ ಇಂಥ ಸ್ವತಂತ್ರ ಸಭೆಗಳ ಬೆಂಬಲದಿಂದ ನಡೆದ ಸಂಸ್ಥೆ. ಆದಕಾರಣ ಅದರ ಮಿಷನರಿಗಳ ಪೂರ್ವಿಕರನ್ನು ಹುಡುಕುವವರು ಈ ಎರಡೂ ಬಗೆಯ ಪುಸ್ತಕಗಳನ್ನು ಜೊತೆಯಾಗಿಟ್ಟು ನೋಡಲೇಬೇಕಾಗುತ್ತದೆ.

ಕಿರಿಯ ರೈಸ್ ಅವರ ಜನನ 1837ರ ಜುಲೈ 17ರಂದು ಬೆಂಗಳೂರಿನಲ್ಲಿ. ಇಂಗ್ಲೆಂಡಿನಲ್ಲಿ ಸರಕಾರವೇ ಜನನ, ಮರಣ, ವಿವಾಹಗಳನ್ನು ನೋಂದಾಯಿಸುವ ಪದ್ಧತಿ ಆರಂಭವಾದುದು ಅದೇ ತಿಂಗಳ 1ರಂದು. ಕೇವಲ ಹದಿನಾರು ದಿನಗಳ ಅಂತರ. ಅವರು ಇಂಗ್ಲೆಂಡಿನಲ್ಲಿ ಹುಟ್ಟಿದ್ದರೆ ಆ ನೂತನ ಪದ್ಧತಿಯ ಮೊದಮೊದಲ ಶಿಶುಗಳಲ್ಲಿ ಒಬ್ಬರಾಗುತ್ತಿದ್ದರು. ಕಮಿಷನರ್ ಆಡಳಿತದ ಮೈಸೂರಿನಲ್ಲಿ ಹುಟ್ಟಿದ ಮಗುವಿಗೆ ಅದು ಅನ್ವಯಿಸುತ್ತಿರಲಿಲ್ಲ. ಭಾರತದಲ್ಲಿದ್ದ ಇಂಗ್ಲಿಷರ ದಾಖಲೆಗಳಿಗೆ ಬೇರೆಯೇ ಹಾದಿ. ಕಂಪನಿಯ ಪಾದ್ರಿಗಳು ತಮ್ಮ ಚರ್ಚಿನ ಪುಸ್ತಕಗಳ ನಕಲನ್ನು ಪ್ರೆಸಿಡೆನ್ಸಿಯ ರಾಜಧಾನಿಗೆ, ಅಲ್ಲಿಂದ ಲಂಡನ್ನಿಗೆ ಕಳುಹಿಸುತ್ತಿದ್ದರು. 1698ರಿಂದ ಮೊದಲ್ಗೊಳ್ಳುವ ಮದರಾಸಿನ ಇಂಥ ಸಂಪುಟಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. 1816ರಲ್ಲಿ ಪ್ರತಿಷ್ಠಾಪನೆಗೊಂಡ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚಿನಂಥ ದಂಡುಪ್ರದೇಶದ ಚರ್ಚುಗಳೂ ಈ ವ್ಯವಸ್ಥೆಗೆ ಸೇರಿದ್ದವು. ಮಿಷನರಿ ಕುಟುಂಬಗಳ ವಿಷಯದಲ್ಲಿ ಇದರ ಜೊತೆಗೆ ಮಿಷನ್ನಿನ ಪತ್ರವ್ಯವಹಾರವನ್ನೂ ಓದಬೇಕು. ಮಗು ಹುಟ್ಟಿದ ಸುದ್ದಿ, ಪತ್ನಿಯ ಅಸ್ವಾಸ್ಥ್ಯ, ಊರಿಗೆ ಮರಳಲು ರಜೆಯ ಕೋರಿಕೆ ಇವೆಲ್ಲ ಅಂಥ ಕಾಗದಗಳಲ್ಲಿ ನುಸುಳಿಕೊಳ್ಳುತ್ತವೆ.

ರೈಸ್ ಅವರು ಕೈಹಿಡಿದ ಮೇರಿ ಸೋಫಿಯಾ ಅವರು ಜಾನ್ ಗ್ಯಾರೆಟ್ ಅವರ ಮಗಳು. ಗ್ಯಾರೆಟ್ ಅವರು ವೆಸ್ಲಿಯನ್ ಮಿಷನ್ನಿನಲ್ಲಿದ್ದವರು, ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಪಾಠಗಳೊಡನೆ 1849ರಲ್ಲಿ ಬೆಂಗಳೂರಿನಿಂದ ಹೊರತಂದವರು, ಮುಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮೊದಲ ನಿರ್ದೇಶಕರಾದವರು. ಕನ್ನಡಕ್ಕೆ ದುಡಿದ ಎರಡು ಮನೆತನಗಳನ್ನೂ ಎರಡು ಮಿಷನ್‌ಗಳನ್ನೂ ಬೆಸೆದ ಸಂಬಂಧ ಇದು. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಅವರು ಇವರ ಸೋದರರೆಂಬುದನ್ನು ನೆನೆದರೆ ಚಿತ್ರ ಇನ್ನಷ್ಟು ತುಂಬುತ್ತದೆ. ಗಂಡುಸಂತಾನದ ಸರಣಿಯನ್ನಷ್ಟೇ ಹಿಡಿದು ಹೊರಟವರಿಗೆ ಗ್ಯಾರೆಟ್ ಹೆಸರು ಎದುರಾಗುವುದೇ ಇಲ್ಲ. ಅದನ್ನು ತೋರಿಸಿಕೊಡುವುದು ಮದುವೆಯ ದಾಖಲೆ. ಇಂಗ್ಲೆಂಡಿನ ದೀಕ್ಷಾಸ್ನಾನದ ಪುಸ್ತಕಗಳಲ್ಲಿ 1813ರಿಂದ ಮುದ್ರಿತ ನಮೂನೆ ಬಳಕೆಗೆ ಬಂದಾಗಲೂ ತಾಯಿಯ ಸ್ವಂತ ಹೆಸರಿಗೆ ಮಾತ್ರ ಎಡೆಯಿತ್ತು, ಆಕೆಯ ತವರಿನ ಹೆಸರಿಗೆ ಇರಲಿಲ್ಲ.

ದೊಡ್ಡೇರಿ ಸೀಮೆಯ ಒಕ್ಕಲು ಮನೆತನಗಳಿಗೆ ಪ್ಯಾರಿಷ್ ಪುಸ್ತಕವಿರಲಿಲ್ಲ. ಹಾಗೆಂದು ದಾಖಲೆಯೇ ಇರಲಿಲ್ಲವೆನ್ನುವುದು ತಪ್ಪು ತಿಳಿವಳಿಕೆ. ಕನ್ನಡ ನಾಡಿನಲ್ಲಿ ಆ ಕೆಲಸವನ್ನು ಹೊತ್ತವರು ಹೆಳವರು. ಎತ್ತನ್ನೇರಿ, ಕಾಲುಗಳನ್ನು ಕಂಬಳಿಯಲ್ಲಿ ಮರೆಮಾಡಿಕೊಂಡು ಊರೂರಿಗೆ ಬರುತ್ತಿದ್ದ ಇವರು ಮನೆಮನೆಯ ಮುಂದೆ ನಿಂತು ಆಯಾ ವಂಶದ ಹಿರಿಯರನ್ನು ಹೆಸರು ಹಿಡಿದು ಹೊಗಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ದವಸವನ್ನೋ ಹಣವನ್ನೋ ಪಡೆದು ಮುಂದೆ ಸಾಗುತ್ತಿದ್ದರು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಇವರ ವರ್ಣನೆಯಿದೆ. ಪಾದ್ರಿಯ ಬಳಿಗೆ ಜನ ಹೋಗಬೇಕು. ಹೆಳವ ತಾನೇ ಜನರ ಬಾಗಿಲಿಗೆ ಬರುತ್ತಾನೆ. ಪಾದ್ರಿ ಬರೆಯುವುದು ಒಂದು ಊರಿನ ಎಲ್ಲರನ್ನು, ಹೆಳವ ಬರೆಯುವುದು ಊರೂರಿಗೆ ಚದುರಿದ ಒಂದು ವಂಶವನ್ನು. ವಲಸೆ ಹೋದ ಕುಟುಂಬದ ಜಾಡು ಪ್ಯಾರಿಷ್ ಪುಸ್ತಕದಲ್ಲಿ ಗಡಿಯ ಬಳಿಯೇ ಕಡಿದುಹೋದರೆ, ಹೆಳವರ ಹೊತ್ತಗೆಯಲ್ಲಿ ಮೂಲಸ್ಥಳದ ಹೆಸರೇ ಮೊದಲು ಬರುತ್ತದೆ. ಈ ಒಂದು ಅಂಶದಲ್ಲಿ ಹೆಳವರ ಪದ್ಧತಿ ಮೇಲೆಂದೇ ಹೇಳಬೇಕು.

ಕಾಲಗಣನೆಯಲ್ಲಿ ಮಾತ್ರ ಎರಡೂ ಕಡೆ ಎಚ್ಚರ ಬೇಕು. 1752ಕ್ಕೆ ಮುನ್ನ ಇಂಗ್ಲೆಂಡಿನ ವರ್ಷ ಮಾರ್ಚ್ 25ರಂದು ತೊಡಗುತ್ತಿದ್ದುದರಿಂದ ಪುಸ್ತಕದಲ್ಲಿರುವ 1740ರ ಫೆಬ್ರವರಿಯ ಮದುವೆ ಇಂದಿನ ಲೆಕ್ಕದಲ್ಲಿ 1741ರದು. ಇದನ್ನರಿಯದವರಿಗೆ ಮಗು ಮದುವೆಗೆ ಮೊದಲೇ ಹುಟ್ಟಿದಂತೆ ತೋರಿ ಮನೆತನಕ್ಕೆ ಇಲ್ಲದ ಅಪವಾದ ಅಂಟಿಕೊಳ್ಳುವುದುಂಟು. ನಮ್ಮಲ್ಲಿ ಶಕವರ್ಷವಿಲ್ಲದೆ ‘ಪ್ರಭವ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1867–68 ಆಗಬಹುದು, 1927–28 ಆಗಬಹುದು. ಅರವತ್ತು ವರ್ಷ ಹೆಚ್ಚುಕಡಿಮೆಯಾದರೆ ಅಜ್ಜನೇ ಮೊಮ್ಮಗನಾಗಿಬಿಡುತ್ತಾನೆ.

ಊರ ಹೆಸರುಗಳ ಗೊಂದಲವೂ ಸಣ್ಣದಲ್ಲ. ಸಿರಾದ ಮೊಗಲ್ ಅಧಿಕಾರಿ ಖಾಸಿಂಖಾನನು ಮರಾಠ ಸೇನಾನಿ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಲುಕಿ 1695ರ ಸುಮಾರಿಗೆ ಪ್ರಾಣ ಬಿಟ್ಟ ದೊಡ್ಡೇರಿ ಚಳ್ಳಕೆರೆ ತಾಲ್ಲೂಕಿನದು, ಮಧುಗಿರಿ ತಾಲ್ಲೂಕಿನದಲ್ಲ. ಹೆಳವರ ಹೊತ್ತಗೆಯಲ್ಲಿ ‘ಮೂಲ ದೊಡ್ಡೇರಿ’ ಎಂದು ಕಂಡೊಡನೆ ಯಾವುದೆಂದು ನಿರ್ಧರಿಸಲಾಗದು; ಕುಲ, ಮನೆದೇವರು, ಬೀಗತನ ನಡೆದ ಊರುಗಳು ಇವುಗಳನ್ನು ಹೊಂದಿಸಿ ನೋಡಬೇಕು.

ಬೀಗತನದ ಮಾತು ಬಂದಾಗ ಹೆಣ್ಣಿನ ಪ್ರಶ್ನೆ ಮತ್ತೆ ಏಳುತ್ತದೆ. ಸಿರಾ, ಮಧುಗಿರಿ ಕಡೆಯ ಕುಂಚಿಟಿಗರಲ್ಲಿ ಮದುವೆಯ ಮಾತುಕತೆಗೆ ಮುನ್ನ ಕುಲ ಕೇಳುವುದು ವಾಡಿಕೆ. ಇಬ್ಬರದೂ ಒಂದೇ ಕುಲವಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹೀಗೆ ಹೆಣ್ಣಿನ ತವರು ಇಷ್ಟು ಮುಖ್ಯವಾಗಿದ್ದರೂ ಹೆಳವರ ಹೊತ್ತಗೆಗಳಲ್ಲಿ ಸಾಮಾನ್ಯವಾಗಿ ಗಂಡುಸಂತಾನದ ಸರಣಿಯೇ ಪ್ರಧಾನ. ಗಂಡನೊಡನೆ ಮಡಿದವಳಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳಲ್ಲಿಯೂ ಎಷ್ಟೋ ಕಲ್ಲುಗಳ ಮೇಲೆ ಬಳೆ ತೊಟ್ಟ ಎತ್ತಿದ ಕೈ ಇದೆ, ಹೆಸರಿಲ್ಲ. ಇಂಗ್ಲೆಂಡಿನ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. 1837ರ ನಮೂನೆಯಲ್ಲಿ ವಧೂವರರ ತಂದೆಯ ಹೆಸರು ಮತ್ತು ಕಸುಬಿಗೆ ಅಂಕಣವಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಮದುವೆ ದಾಖಲೆಯಲ್ಲಿ ತಾಯಿಯ ಹೆಸರಿಗೆ ಸ್ಥಳ ದೊರೆತುದು 2021ರ ಮೇ ತಿಂಗಳಲ್ಲಿ. ಆದುದರಿಂದ ಅಲ್ಲಿ ಅಜ್ಜಿಯ ಕಡೆಯವರನ್ನು ಹುಡುಕುವವರು ಮದುವೆ ಸಾಮಾನ್ಯವಾಗಿ ನಡೆಯುತ್ತಿದ್ದ ವಧುವಿನ ಪ್ಯಾರಿಷ್‌ಗೆ ಹೋಗುತ್ತಾರೆ. ದೊಡ್ಡೇರಿ ಸೀಮೆಯಲ್ಲಿ ಅದೇ ಕೆಲಸಕ್ಕೆ ಹೊರಟವರು ಗಂಡನ ಮನೆಯ ಹೆಳವನನ್ನು ಬಿಟ್ಟು, ಆಕೆಯ ತವರುಮನೆಗೆ ಬರುವ ಹೆಳವನು ಯಾವ ಊರಿನಲ್ಲಿದ್ದಾನೆಂದು ವಿಚಾರಿಸಬೇಕಾಗುತ್ತದೆ.