ಸ್ಕಾಟ್ ಲಫಾರೊ

ರೊಕ್ಕೊ ಸ್ಕಾಟ್ ಲಫಾರೊ (ಏಪ್ರಿಲ್ ೩, ೧೯೩೬ – ಜುಲೈ ೬, ೧೯೬೧) ಅಮೆರಿಕದ ಜಾಝ್ ಡಬಲ್ ಬಾಸ್ ವಾದಕರು. ಪಿಯಾನೋ ವಾದಕ ಬಿಲ್ ಎವಾನ್ಸ್ ಅವರ ಮೂವರ ತಂಡದ ಸದಸ್ಯರಾಗಿ ಇವರು ಪ್ರಸಿದ್ಧರು. ಹಿನ್ನೆಲೆಯ ಪಕ್ಕವಾದ್ಯವೆಂದೇ ಬಹುಮಟ್ಟಿಗೆ ಪರಿಗಣಿತವಾಗಿದ್ದ ಡಬಲ್ ಬಾಸ್‌ಗೆ ಪಿಯಾನೋದೊಡನೆ ಸರಿಸಮನಾಗಿ ಸಂವಾದ ನಡೆಸುವ ಸ್ಥಾನವನ್ನು ದೊರಕಿಸಿಕೊಟ್ಟವರಲ್ಲಿ ಇವರು ಪ್ರಮುಖರು. ಇವರ ವೃತ್ತಿಜೀವನದ ಅವಧಿ ಸುಮಾರು ಆರು ವರ್ಷಗಳು ಮಾತ್ರ.

ಬಾಲ್ಯ ಮತ್ತು ಶಿಕ್ಷಣ

ಲಫಾರೊ ನ್ಯೂಜೆರ್ಸಿ ರಾಜ್ಯದ ನ್ಯೂಆರ್ಕ್ ನಗರದಲ್ಲಿ ಜನಿಸಿದರು. ಇವರ ತಂದೆ ಪಿಟೀಲು ವಾದಕರು. ಲಫಾರೊ ಐದು ವರ್ಷದವರಿದ್ದಾಗ ಕುಟುಂಬವು ನ್ಯೂಯಾರ್ಕ್ ರಾಜ್ಯದ ಜಿನೀವಾ ಪಟ್ಟಣಕ್ಕೆ ತೆರಳಿತು. ಶಾಲಾದಿನಗಳಲ್ಲಿ ಅವರು ಪಿಯಾನೋ, ಬಾಸ್ ಕ್ಲಾರಿನೆಟ್ ಹಾಗೂ ಟೆನರ್ ಸ್ಯಾಕ್ಸೊಫೋನ್‌ಗಳನ್ನು ಕಲಿತರು. ಇಥಾಕಾ ಕಾಲೇಜಿನಲ್ಲಿ ಸಂಗೀತ ಶಿಕ್ಷಣದ ವಿದ್ಯಾರ್ಥಿಗಳು ಒಂದು ತಂತಿವಾದ್ಯವನ್ನು ಕಲಿಯಬೇಕಾಗಿದ್ದುದರಿಂದ, ಅಲ್ಲಿಗೆ ಸೇರುವ ಮುನ್ನ, ಹದಿನೆಂಟನೆಯ ವಯಸ್ಸಿನಲ್ಲಿ ಡಬಲ್ ಬಾಸ್ ಅಭ್ಯಾಸವನ್ನು ಆರಂಭಿಸಿದರು. ಕೆಲವೇ ತಿಂಗಳುಗಳಲ್ಲಿ ಅದೇ ಅವರ ಮುಖ್ಯ ವಾದ್ಯವಾಯಿತು.

ವೃತ್ತಿಜೀವನ

ಎರಡನೆಯ ವರ್ಷದ ಆರಂಭದಲ್ಲಿ ಕಾಲೇಜನ್ನು ತೊರೆದ ಲಫಾರೊ, ಬಡ್ಡಿ ಮಾರೊ ಅವರ ವಾದ್ಯವೃಂದವನ್ನು ಸೇರಿದರು. ಬಳಿಕ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿ, ತುತ್ತೂರಿ ವಾದಕ ಚೆಟ್ ಬೇಕರ್ ಮೊದಲಾದವರೊಂದಿಗೆ ನುಡಿಸಿದರು. ೧೯೫೯ರಲ್ಲಿ ನ್ಯೂಯಾರ್ಕ್‌ನಲ್ಲಿ ಬಿಲ್ ಎವಾನ್ಸ್ ಮತ್ತು ಡ್ರಮ್ ವಾದಕ ಪಾಲ್ ಮೋಶನ್ ಅವರೊಂದಿಗೆ ಜೊತೆಗೂಡಿದರು. ಈ ತಂಡವು 'ಪೋರ್ಟ್ರೇಟ್ ಇನ್ ಜಾಝ್' ಮತ್ತು 'ಎಕ್ಸ್‌ಪ್ಲೊರೇಶನ್ಸ್' ಎಂಬ ಎರಡು ಸ್ಟುಡಿಯೋ ಧ್ವನಿಮುದ್ರಿಕೆಗಳನ್ನು ರೂಪಿಸಿತು.

ಇದೇ ಅವಧಿಯಲ್ಲಿ ಅವರು ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರೊಂದಿಗೂ ನುಡಿಸಿದರು. ಡಿಸೆಂಬರ್ ೧೯೬೦ರಲ್ಲಿ ಮುದ್ರಿತವಾದ ಕೋಲ್ಮನ್ ಅವರ 'ಫ್ರೀ ಜಾಝ್' ಕೃತಿಯಲ್ಲಿ ನಾಲ್ವರ ಎರಡು ತಂಡಗಳು ಏಕಕಾಲದಲ್ಲಿ ನುಡಿಸುತ್ತವೆ. ಒಂದರ ಬಾಸ್ ವಾದಕರು ಲಫಾರೊ, ಇನ್ನೊಂದರವರು ಚಾರ್ಲಿ ಹೇಡನ್.

ವಾದನ ಶೈಲಿ

ಜಾಝ್ ತಂಡದಲ್ಲಿ ಬಾಸ್ ವಾದಕರು ಸಾಮಾನ್ಯವಾಗಿ ಪ್ರತಿ ಎಣಿಕೆಗೂ ಒಂದೊಂದು ಸ್ವರವನ್ನು ಮೀಟುತ್ತ ಲಯಕ್ಕೂ ಸ್ವರಮೇಳಕ್ಕೂ ಆಧಾರ ಒದಗಿಸುತ್ತಾರೆ. ಲಫಾರೊ ಈ ಕ್ರಮವನ್ನು ಅಗತ್ಯವಿದ್ದಲ್ಲಿ ಮಾತ್ರ ಅನುಸರಿಸಿದರು. ಉಳಿದೆಡೆ ಲಯವನ್ನು ಕೇಳುಗರ ಊಹೆಗೆ ಬಿಟ್ಟು, ಪಿಯಾನೋದ ಸ್ವರಗುಚ್ಛಗಳಿಗೆ ಉತ್ತರವೆಂಬಂತೆ ಚಿಕ್ಕ ಚಿಕ್ಕ ರಾಗಪಂಕ್ತಿಗಳನ್ನು ನುಡಿಸುತ್ತಿದ್ದರು. ವಾದ್ಯದ ತಾರಸ್ಥಾಯಿಯನ್ನು ಧಾರಾಳವಾಗಿ ಬಳಸುತ್ತಿದ್ದುದು ಅವರ ವಾದನದ ಮತ್ತೊಂದು ಲಕ್ಷಣ. ಹೀಗಾಗಿ ಎವಾನ್ಸ್ ತಂಡದಲ್ಲಿ ಮುಖ್ಯ ವಾದ್ಯ ಮತ್ತು ಪಕ್ಕವಾದ್ಯಗಳ ನಡುವಿನ ಗೆರೆ ಮಸುಕಾಯಿತು.

ಕೊನೆಯ ಧ್ವನಿಮುದ್ರಣ ಮತ್ತು ನಿಧನ

ಜೂನ್ ೨೫, ೧೯೬೧ರ ಭಾನುವಾರ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ಈ ತಂಡದ ಕಛೇರಿಗಳನ್ನು ಧ್ವನಿಮುದ್ರಿಸಲಾಯಿತು. ಹನ್ನೊಂದು ದಿನಗಳ ಬಳಿಕ, ಜಿನೀವಾ ಸಮೀಪದ ಹೆದ್ದಾರಿಯಲ್ಲಿ ಕಾರು ಮರಕ್ಕೆ ಅಪ್ಪಳಿಸಿ ಲಫಾರೊ ಮೃತಪಟ್ಟರು. ಆಗ ಅವರಿಗೆ ೨೫ ವರ್ಷ. ಈ ಆಘಾತದಿಂದ ಎವಾನ್ಸ್ ಹಲವು ತಿಂಗಳು ಸಾರ್ವಜನಿಕವಾಗಿ ನುಡಿಸಲಿಲ್ಲ.

ವ್ಯಾನ್‌ಗಾರ್ಡ್ ಮುದ್ರಣಗಳಿಂದ ಮೊದಲು ಹೊರಬಂದ 'ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್'ಗೆ ಲಫಾರೊ ಅವರ ವಾದನ ಎದ್ದು ಕಾಣುವ ಭಾಗಗಳನ್ನೇ ಆಯ್ದುಕೊಳ್ಳಲಾಯಿತು. ಅದು ಅವರ ಸ್ವಂತ ರಚನೆ 'ಗ್ಲೋರಿಯಾಸ್ ಸ್ಟೆಪ್'ನಿಂದ ಆರಂಭವಾಗಿ, ಅವರದೇ 'ಜೇಡ್ ವಿಶನ್ಸ್'ನಿಂದ ಮುಕ್ತಾಯವಾಗುತ್ತದೆ. ಅದೇ ದಿನದ ಇನ್ನಷ್ಟು ಭಾಗಗಳು 'ವಾಲ್ಟ್ಸ್ ಫಾರ್ ಡೆಬಿ' ಹೆಸರಿನಲ್ಲಿ ಬಿಡುಗಡೆಯಾದವು.

ಪ್ರಭಾವ

ಲಫಾರೊ ಅವರ ಸ್ಥಾನಕ್ಕೆ ಚಕ್ ಇಸ್ರೇಲ್ಸ್ ಬಂದರು. ಮುಂದೆ ಎವಾನ್ಸ್ ಅವರೊಂದಿಗೆ ನುಡಿಸಿದ ಎಡ್ಡಿ ಗೋಮೆಜ್ ಮತ್ತು ಮಾರ್ಕ್ ಜಾನ್ಸನ್ ಅವರ ವಾದನದಲ್ಲಿಯೂ ಈ ಸಂವಾದ ಶೈಲಿಯ ಮುಂದುವರಿಕೆಯನ್ನು ಕಾಣಬಹುದು.