ಚನ್ನಪಟ್ಟಣ ಎಂದು ಬರೆಯಲು

ಚನ್ನಪಟ್ಟಣ ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಐದು. 1991ರಲ್ಲಿ ಕನ್ನಡವನ್ನೂ ಒಳಗೊಂಡು ಬಂದ ಯೂನಿಕೋಡಿನ ಲೆಕ್ಕದಲ್ಲಿ ಸಂಕೇತಗಳು ಒಂಬತ್ತು! ಒತ್ತಕ್ಷರವೆಂದರೆ ಅಲ್ಲಿ ವ್ಯಂಜನ, ಹಲಂತ, ಮತ್ತೆ ವ್ಯಂಜನ. ನಾಡೋಜ ಕೆ. ಪಿ. ರಾವ್ ಅವರ ಕೀಲಿಮಣೆಯೂ ಇದೇ ಧ್ವನಿಕ್ರಮದ್ದು. ‘ಎಫ್’ ಕೀಲಿಯೇ ಅಲ್ಲಿನ ಬೆಸುಗೆ. ‘ನುಡಿ’ ಕಲಿತ ಗುಮಾಸ್ತರು ಅದನ್ನು ಕಣ್ಣುಮುಚ್ಚಿ ಒತ್ತಬಲ್ಲರು.

ಬೆರಳಚ್ಚು ಯಂತ್ರದ ಕಾಗದ ಒತ್ತಿದ್ದನ್ನು ಸುಮ್ಮನೆ ಒಪ್ಪಿಕೊಳ್ಳುತ್ತಿತ್ತು. ಮೊಬೈಲಿನಲ್ಲಿ ಹಾಗಲ್ಲ. ತೆರೆಯ ಮೇಲಿನ ಕೀಲಿಮಣೆಯು ಪದ ಪೂರ್ತಿಯಾಗುವವರೆಗೆ ಅದನ್ನು ಅಡಿಗೆರೆಯೆಳೆದು ಕರಡಾಗಿ ಹಿಡಿದಿರುತ್ತದೆ. ನಡುವೆ ಜಾಲಪುಟ ಕೈಹಾಕಿ ತಿದ್ದಿದರೆ ಅಕ್ಷರ ಇಮ್ಮಡಿಸೀತು, ಇಲ್ಲವೇ ಒತ್ತು ಹಾರಿ ‘ಚನಪಟ್ಟಣ’ವಾದೀತು. ಅರ್ಜಿಯಲ್ಲಿ ತಂದೆಯ ಹೆಸರು ಹೀಗೆ ಕೆಟ್ಟರೆ ಮಾಗಡಿಯ ರೈತ ತಾಲ್ಲೂಕು ಕಚೇರಿಗೆ ಅಲೆಯಬೇಕು. ಜಾಲಪುಟ ಕಟ್ಟುವ ನನ್ನ ಹಳೆಯ ವಿದ್ಯಾರ್ಥಿಗಳೇ, ಪದರಚನೆ ಮುಗಿಯಿತೆಂಬ ಸೂಚನೆಯನ್ನು ಬ್ರೌಸರ್ ತಾನೇ ಕೊಡುತ್ತದೆ. ಅಲ್ಲಿಯತನಕ ನಿಮ್ಮ ಪುಟ ಕಾಯಲಿ.