ಹಳಿಯ ಮೇಲೆ ಬಂದ ಮೋಟಾರು: ಜಾರ್ಜ್ ವೈಮನ್‌ನ 1903ರ ಪಯಣ

ಅಮೆರಿಕವನ್ನು ಕರಾವಳಿಯಿಂದ ಕರಾವಳಿಗೆ ಮೋಟಾರು ವಾಹನದಲ್ಲಿ ಮೊದಲು ದಾಟಿದವರು ಯಾರು? ನಮಗೆ ಸಾಮಾನ್ಯವಾಗಿ ದೊರೆಯುವ ಉತ್ತರ, ಹೊರೇಷಿಯೊ ನೆಲ್ಸನ್ ಜಾಕ್ಸನ್ ಎಂಬ ವೈದ್ಯನ ಹೆಸರು. ಐವತ್ತು ಡಾಲರುಗಳ ಪಂಥ ಕಟ್ಟಿದ ಆತ, ಒಬ್ಬ ಮೆಕ್ಯಾನಿಕ್‌ನೊಡನೆ 1903ರ ಮೇ 23ರಂದು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಜುಲೈ 26ರಂದು ನ್ಯೂಯಾರ್ಕ್ ಸೇರಿದನು. ಅವನ ವಿಂಟನ್ ಕಾರನ್ನು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಇಂದಿಗೂ ಕಾಪಾಡಿಕೊಂಡಿದೆ. ಆದರೆ ಅವನಿಗಿಂತ ಇಪ್ಪತ್ತು ದಿನ ಮೊದಲೇ ಜಾರ್ಜ್ ವೈಮನ್ ಎಂಬ ಯುವಕ ಮೋಟಾರ್‌ಸೈಕಲ್ಲಿನಲ್ಲಿ ಒಬ್ಬನೇ ಅದೇ ನಗರವನ್ನು ಮುಟ್ಟಿದ್ದನು. ಈ ಎರಡು ಪಯಣಗಳಲ್ಲಿ ಒಂದು ಉಳಿದು ಇನ್ನೊಂದು ಮರೆವಿಗೆ ಸರಿದದ್ದೇಕೆಂಬುದು ವಿಚಾರಯೋಗ್ಯವೆಂದು ನಾವು ಭಾವಿಸುತ್ತೇವೆ.

ವೈಮನ್‌ನ ವಾಹನವನ್ನು ಇಂದಿನ ಅರ್ಥದಲ್ಲಿ ಮೋಟಾರ್‌ಸೈಕಲ್ ಎನ್ನುವುದು ಕಷ್ಟ. ಸೈಕಲ್ಲಿನಂಥ ಚೌಕಟ್ಟು, ಅದಕ್ಕೆ ಕೂಡಿಸಿದ ಒಂದೂಕಾಲು ಅಶ್ವಶಕ್ತಿಯ ಎಂಜಿನ್, ಚಕ್ರವನ್ನು ತಿರುಗಿಸಲು ತೊಗಲಿನ ಬೆಲ್ಟು. ನೆನೆದರೆ ಆ ಬೆಲ್ಟು ಜಾರುತ್ತಿತ್ತು. ಪೆಡಲುಗಳನ್ನು ತಯಾರಕರು ತೆಗೆದಿರಲಿಲ್ಲ. ಎಂಜಿನ್ ಕೈಕೊಟ್ಟೀತೆಂಬ ಅರಿವು ಯಂತ್ರದ ರಚನೆಯಲ್ಲಿಯೇ ಇತ್ತು.

ಮೇ 16ರ ಮಧ್ಯಾಹ್ನ ಹೊರಟ ಅವನಿಗೆ ಸಿಯೆರಾ ನೆವಾಡ ಪರ್ವತದಲ್ಲಿ ಹಿಮ ಎದುರಾಯಿತು, ಮುಂದಿನ ಬಯಲು ಸೀಮೆಯಲ್ಲಿ ಮಳೆ ಮತ್ತು ಅಂಟುಮಣ್ಣು. ಅಂದಿನ ಅಮೆರಿಕದಲ್ಲಿ ರಸ್ತೆಯೆಂದರೇನೆಂಬುದನ್ನು ಮರುವರ್ಷದ ಸರ್ಕಾರಿ ಗಣತಿ ತಿಳಿಸುತ್ತದೆ: ಸುಮಾರು 21 ಲಕ್ಷ ಮೈಲಿಗಳಲ್ಲಿ ಸುಧಾರಿಸಿದ ರಸ್ತೆ ಶೇಕಡಾ 7ರಷ್ಟು ಮಾತ್ರ. ಮಿಕ್ಕಿದ್ದೆಲ್ಲ ಗಾಡಿಜಾಡು. ಹೀಗಾಗಿ ವೈಮನ್ ರೈಲುಹಳಿಯನ್ನೇ ದಾರಿ ಮಾಡಿಕೊಂಡನು. ಪರ್ವತದಲ್ಲಿ ಹಳಿಗೆ ಹೊದಿಸಿದ ಹಿಮಮಾಡಗಳ ಕತ್ತಲಲ್ಲಿ ಗಾಡಿಯನ್ನು ತಳ್ಳಿದನು. ಬಯಲಿನಲ್ಲಿ ಸ್ಲೀಪರುಗಳ ಮೇಲೆ ಮೈಲಿಗಟ್ಟಲೆ ಕುಲುಕಾಡುತ್ತ ಸಾಗಿದನು. ಹಳಿ ಕಾಯುವ ಕೂಲಿಕಾರರ ವಸತಿಗಳಲ್ಲಿ ಊಟ, ನಿದ್ದೆ ದೊರೆಯುತ್ತಿತ್ತು. ನಮ್ಮ ಕಡೆ ಅವರನ್ನು ಗ್ಯಾಂಗ್‌ಮನ್ನರೆನ್ನುತ್ತೇವೆ. ಖಂಡವನ್ನು ಜೋಡಿಸುವ ರೈಲುಮಾರ್ಗ 1869ರಲ್ಲಿಯೇ ಪೂರ್ಣಗೊಂಡಿತ್ತು. ಮೋಟಾರು ಯುಗದ ಮೊದಲ ಖಂಡಯಾನ ನಡೆದದ್ದು ಹಿಂದಿನ ಯುಗ ಹಾಸಿಟ್ಟ ದಾರಿಯ ಆಸರೆಯಲ್ಲಿ.

ಸ್ಲೀಪರುಗಳ ಕುಲುಕಾಟಕ್ಕೆ ಯಂತ್ರ ಬೆಲೆ ತೆತ್ತಿತು. ಇಲಿನಾಯ್ ಪ್ರಾಂತದ ಅರೋರಾ ಊರಿನ ಬಳಿ ಎಂಜಿನ್ನಿನ ಕ್ರ್ಯಾಂಕ್ ಮುರಿದು, ಹೊಸದು ಬರುವವರೆಗೆ ಅವನು ಷಿಕಾಗೊದಲ್ಲಿ ಕಾಯಬೇಕಾಯಿತು. ಆಲ್ಬನಿಯಲ್ಲಿ ಎಂಜಿನ್ ಪೂರ್ತಿ ಸೋತಿತು. ಉಳಿದ ಸುಮಾರು 150 ಮೈಲಿಗಳನ್ನು ಅವನು ಪೆಡಲು ತುಳಿದೇ ಮುಗಿಸಿ, ಜುಲೈ 6ರಂದು ನ್ಯೂಯಾರ್ಕ್ ಸೇರಿದನು.

ಇಲ್ಲೊಂದು ಆಕ್ಷೇಪ ಏಳುತ್ತದೆ: ಕಡೆಯ ಭಾಗವನ್ನು ಕಾಲಿನಿಂದ ತುಳಿದವನು ಮೋಟಾರಿನಲ್ಲಿ ದಾಟಿದನೆಂದು ಹೇಗೆ ಒಪ್ಪುವುದು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದನ್ನು ಕೇಳುವುದು ನಮಗೆ ಸಾಧ್ಯವಾದದ್ದು ವೈಮನ್‌ನಿಂದಲೇ. ತನ್ನ ಪಯಣದ ವೃತ್ತಾಂತವನ್ನು ಅವನು ಆ ವರ್ಷವೇ ಮೋಟಾರ್‌ಸೈಕಲ್ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರೆದನು. ತಳ್ಳಿದ್ದು, ಮುರಿದದ್ದು, ತುಳಿದದ್ದು ಎಲ್ಲವೂ ಅದರಲ್ಲಿವೆ. ಯಂತ್ರದ ಜಾಹೀರಾತಿಗೆ ಒದಗುವ ಬರಹ ಅದಲ್ಲ. ಪಂಥ, ಜೊತೆಗಾರ, ದಾರಿಯಲ್ಲಿ ಕೂಡಿಕೊಂಡ ಬಡ್ ಎಂಬ ನಾಯಿ, ಇಷ್ಟಿದ್ದ ಜಾಕ್ಸನ್‌ನ ಕಥೆ ಜನರ ಬಾಯಿಗೆ ಸುಲಭವಾಗಿ ಒಗ್ಗಿತು. ದಣಿದು ಬಂದ ಒಂಟಿ ಸವಾರನ ಕಥೆಗೆ ಆ ಅನುಕೂಲವಿರಲಿಲ್ಲ.

ಆದರೂ ಆ ವರ್ಷದ ರಸ್ತೆ ಎಂಥದು, ಯಂತ್ರ ಎಂಥದು, ಹಳಿಯ ಬದಿಯ ಬಡವರು ಅಪರಿಚಿತನಿಗೆ ಹೇಗೆ ನೆರವಾದರು ಎಂದು ತಿಳಿಯಬೇಕಾದರೆ ವೈಮನ್‌ನ ಪುಟಗಳಿಗೆ ಮರಳಬೇಕು. ಗೆದ್ದ ದಿನಾಂಕಕ್ಕಿಂತ ಕೆಟ್ಟುನಿಂತ ತಾಣಗಳ ಈ ಪಟ್ಟಿಯೇ ಇತಿಹಾಸದ ಓದುಗರಿಗೆ ಹೆಚ್ಚು ಉಪಕಾರಿಯೆಂದು ನಮ್ಮ ಅಭಿಪ್ರಾಯ.